ಒಳಗೆಷ್ಟು, ಹೊರಗೆಷ್ಟು? ಬಿಸಿಲೂರಿನ ಮನೆಗೆ ಥರ್ಮಾಮೀಟರ್ ಸೂತ್ರಗಳು

ಮೇ ತಿಂಗಳ ಒಂದು ರಾತ್ರಿ, ಹನ್ನೊಂದರ ಸುಮಾರು. ರಾಯಚೂರಿನ ನಮ್ಮ ಆರ್‌ಸಿಸಿ ಮನೆಯಲ್ಲಿ ಅವ್ವ ಮಲಗುವ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹಗಲಿನ ಝಳ ಒಳಗೆ ಬರಬಾರದೆಂದು ಮುಂಜಾನೆ ಮುಚ್ಚಿದ್ದನ್ನು ಸಂಜೆ ತೆರೆಯಲು ಯಾರಿಗೂ ನೆನಪಾಗಿರಲಿಲ್ಲ. ಆ ವಾರವಷ್ಟೇ ತಂದಿದ್ದ ವೈರ್‌ಲೆಸ್ ಥರ್ಮಾಮೀಟರ್ ಗೋಡೆಯ ಮೇಲೆ ಎರಡು ಅಂಕಿ ತೋರಿಸುತ್ತಿತ್ತು: ಒಳಗೆ 37, ಹೊರಗೆ 31. ಆರು ಡಿಗ್ರಿ ತಂಪಾದ ಗಾಳಿ ಕಿಟಕಿಯ ಆಚೆಗೇ ಇತ್ತು. ಅದನ್ನು ನಾವೇ ತಡೆದು ನಿಲ್ಲಿಸಿ, ಒಳಗೆ ಬೇಯುತ್ತಿದ್ದೆವು. ಕಿಟಕಿ ತೆರೆದೆ. ಅರ್ಧ ತಾಸಿನಲ್ಲಿ ಅವ್ವನಿಗೆ ನಿದ್ದೆ ಹತ್ತಿತು.

ಹೊರಗೆ ಎಷ್ಟು ಬಿಸಿಲೆಂದು ಮೊಬೈಲೂ ಹೇಳುತ್ತದೆ, ಟಿವಿಯೂ ಹೇಳುತ್ತದೆ. ನಮ್ಮ ಮನೆಯ ಒಳಗೂ ಹೊರಗೂ ಈ ಗಳಿಗೆಯಲ್ಲಿ ಎಷ್ಟು ಅಂತರವಿದೆ ಎಂಬುದನ್ನು ಅವೆರಡೂ ಹೇಳಲಾರವು. ರಾಯಚೂರು, ದೇವದುರ್ಗ, ಮಾನ್ವಿಯಂಥ ಕಡೆ ಬೇಸಿಗೆ ಕಳೆಯಲು ಬೇಕಾದದ್ದು ಆ ಅಂತರ. ಅದನ್ನು ಸರಿಯಾಗಿ ಅಳೆಯುವ, ಅಳೆದದ್ದನ್ನು ಬಳಸುವ ಸೂತ್ರಗಳು ಇಲ್ಲಿವೆ.

1. ಎರಡು ಅಂಕಿ ಒಟ್ಟಿಗೆ ಕಾಣುವಂಥದ್ದನ್ನೇ ಕೊಳ್ಳಿ

ಒಂದೇ ಅಂಕಿ ತೋರಿಸುವ ಗಡಿಯಾರದಂಥ ಥರ್ಮಾಮೀಟರ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಿಂದ ತಿಳಿಯುವುದು ಸೆಕೆಯಾಗಿದೆ ಎಂಬುದಷ್ಟೇ. ಒಳಗಿನದೂ ಹೊರಗಿನದೂ ಒಂದೇ ಪರದೆಯ ಮೇಲೆ, ದೊಡ್ಡ ಅಕ್ಷರದಲ್ಲಿ, ಗುಂಡಿ ಒತ್ತದೆ ಕಾಣಬೇಕು. ಕನ್ನಡಕ ಹುಡುಕದೆ ಅಜ್ಜಿ ಓದುವಂತಿರಬೇಕು. ಒಳಗಿನ ತೇವಾಂಶವನ್ನೂ ತೋರಿಸಲೇಬೇಕು. ಅದು ಯಾಕೆಂಬುದು ಕೂಲರ್ ವಿಷಯ ಬಂದಾಗ ಗೊತ್ತಾಗುತ್ತದೆ.

2. ತಂತಿ ಸಾಕಾದರೆ ತಂತಿಯದೇ ಇರಲಿ

ಮಲಗುವ ಕೋಣೆಯ ಕಿಟಕಿಯ ಹೊರಗೇ ದಿನವಿಡೀ ನೆರಳಿದ್ದರೆ, ಒಂದೆರಡು ಮೀಟರ್ ತಂತಿಯ ತುದಿಗೆ ಸೆನ್ಸರ್ ಇರುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಕೆಲಸಕ್ಕೆ ಕೊರತೆಯಿಲ್ಲ. ವೈರ್‌ಲೆಸ್‌ಗೆ ಅದರ ಹಲವು ಪಟ್ಟು ಬೆಲೆ. ನೆರಳು ಹಿತ್ತಲಲ್ಲಿ, ಮಲಗುವ ಕೋಣೆ ಬೀದಿಯ ಕಡೆ ಎಂಬಂಥ ಮನೆಗೆ ಮಾತ್ರ ವೈರ್‌ಲೆಸ್ ಬೇಕು. ನಮ್ಮ ಕಡೆಯ ಬಹುಪಾಲು ಮನೆಗಳು ಹಾಗೇ ಇವೆ ಎಂಬುದೂ ನಿಜ.

3. ಡಬ್ಬಿಯ ಮೇಲೆ 433 ಇದೆಯೇ ನೋಡಿ

ಹೊರಗಿನ ಸೆನ್ಸರ್ ಒಳಗಿನ ಪರದೆಗೆ ರೇಡಿಯೋ ಅಲೆಯ ಮೂಲಕ ಸುದ್ದಿ ಕಳಿಸುತ್ತದೆ. ನಮ್ಮ ದೇಶದಲ್ಲಿ ಇಂಥ ಸಣ್ಣ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿರುವುದರಲ್ಲಿ 433 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿ ಒಂದು. 915 ಮೆಗಾಹರ್ಟ್ಸ್ ಅಮೆರಿಕದ ಪಟ್ಟಿ, ನಮ್ಮಲ್ಲಿ ಅದಕ್ಕೆ ಆ ಸಡಿಲಿಕೆ ಇಲ್ಲ. ಅಮೆರಿಕದಲ್ಲಿರುವ ಮಗ ಬರುವಾಗ ತಂದುಕೊಟ್ಟ ಥರ್ಮಾಮೀಟರ್ ಆಗಿದ್ದರೆ ಇದನ್ನು ಮೊದಲು ನೋಡಬೇಕು.

ಅಂಥವುಗಳ ಮೇಲೆ ಇನ್ನೊಂದು ದೊಡ್ಡ ಅಕ್ಷರದ ಹೊಗಳಿಕೆ ಇರುತ್ತದೆ: ಸಮಯ ತಾನೇ ಸರಿಪಡಿಸಿಕೊಳ್ಳುವ ಅಣು ಗಡಿಯಾರ. ಅದು ಅಮೆರಿಕದ ಕೊಲರಾಡೊದಿಂದಲೋ ಜರ್ಮನಿಯ ಫ್ರಾಂಕ್‌ಫರ್ಟ್ ಹತ್ತಿರದಿಂದಲೋ ಪ್ರಸಾರವಾಗುವ ಸಮಯದ ಸಂಕೇತವನ್ನು ಹಿಡಿಯುವ ಏರ್ಪಾಡು. ಆ ಸಂಕೇತ ರಾಯಚೂರಿಗೆ ಮುಟ್ಟುವುದಿಲ್ಲ. ಅದಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮನೆಗೆ ಬಂದ ಮೇಲೆ ಆ ಸೌಲಭ್ಯವನ್ನು ಆರಿಸಿಬಿಡಿ. ಇಲ್ಲವಾದರೆ ಸಿಗದ ಸಂಕೇತವನ್ನು ಹುಡುಕುತ್ತಾ ಸೆಲ್ ಖಾಲಿ ಮಾಡುತ್ತದೆ.

4. ಸೆನ್ಸರ್ 60 ಡಿಗ್ರಿವರೆಗೆ ತಾಳಬೇಕು

ಚಳಿ ದೇಶಕ್ಕೆಂದು ಮಾಡಿದ ಥರ್ಮಾಮೀಟರ್ ಮೈನಸ್ 40ಕ್ಕೂ ಜಗ್ಗುವುದಿಲ್ಲ ಎಂದು ಹೇಳಿಕೊಳ್ಳುತ್ತದೆ. ನಮಗೆ ಬೇಕಾದದ್ದು ಮೇಲಿನ ತುದಿ. ಕೆಲವು 50ಕ್ಕೆ ಕೈಚೆಲ್ಲುತ್ತವೆ. ನೆರಳಿನಲ್ಲೇ 43, 44 ಕಾಣುವ ಊರಿನಲ್ಲಿ, ಒಂದು ಗಳಿಗೆ ಬಿಸಿಲು ಸೋಕಿದರೂ ಪ್ಲಾಸ್ಟಿಕ್ ಡಬ್ಬಿಯ ಒಳಗು 50 ದಾಟೀತು. ಹೊರಗಿನ ಸೆನ್ಸರಿನ ಮೇಲೂ ಪರದೆ ಇದ್ದರೆ ಅದು ಕಾವಿಗೆ ಕಪ್ಪಾಗುತ್ತದೆ. ಪರದೆ ಇಲ್ಲದ ಸೆನ್ಸರೇ ಒಳ್ಳೆಯದು.

ನಿಖರತೆ ಎಷ್ಟೆಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಪ್ಲಸ್ ಅಥವಾ ಮೈನಸ್ 0.5 ಇದ್ದರೆ ಚೆನ್ನ, 1 ಇದ್ದರೆ ನಡೆಯುತ್ತದೆ, 2 ಇದ್ದರೆ ಬಿಟ್ಟುಬಿಡಿ. ಪರದೆಯ ಮೇಲೆ 38.7 ಎಂದು ಕಂಡ ಮಾತ್ರಕ್ಕೆ ಅದು ದಶಾಂಶದವರೆಗೆ ಖರೆ ಎಂದಲ್ಲ.

5. ನಗುವ ಮುಖ, ಮೋಡದ ಚಿತ್ರ ನೋಡಿ ಮರುಳಾಗಬೇಡಿ

ಪರದೆಯ ಮೂಲೆಯಲ್ಲಿ ನಗುವ ಮುಖವೋ ಅಳುವ ಮುಖವೋ ಇರುತ್ತದೆ. ಎಷ್ಟು ಡಿಗ್ರಿ ಹಿತ ಎಂಬ ಅದರ ಲೆಕ್ಕ ಬೇರೆ ದೇಶದ್ದು. ಏಪ್ರಿಲ್‌ನಲ್ಲಿ ನಮ್ಮ ಮನೆಗಳಲ್ಲಿ ಅದು ಮೂರೂ ಹೊತ್ತು ಅಳುತ್ತಲೇ ಇರುತ್ತದೆ.

ಇನ್ನು ಮೋಡ, ಮಳೆಯ ಚಿತ್ರ. ಗಾಳಿಯ ಒತ್ತಡ ಇಳಿದರೆ ಮಳೆ, ಏರಿದರೆ ಬಿಸಿಲು ಎಂಬ ಸರಳ ಲೆಕ್ಕದ ಮೇಲೆ ಅದು ನಡೆಯುತ್ತದೆ. ಯುರೋಪಿನಲ್ಲಿ ಆ ಲೆಕ್ಕ ತಕ್ಕಮಟ್ಟಿಗೆ ಸರಿ. ನಮ್ಮಂಥ ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಸಲ ಸಮುದ್ರದ ಭರತದ ಹಾಗೆ ತಾನಾಗಿಯೇ ಏರಿಳಿಯುತ್ತದೆ: ಬೆಳಿಗ್ಗೆ, ರಾತ್ರಿ ಹತ್ತರ ಸುಮಾರಿಗೆ ಮೇಲೆ, ಬೆಳಗಿನ ಜಾವ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ಹಾಗಾಗಿ ಸುಡುಬಿಸಿಲಿನ ಮಧ್ಯಾಹ್ನವೂ ಕೆಲವು ಥರ್ಮಾಮೀಟರುಗಳು ಮೋಡ ತೋರಿಸಿ ಆಸೆ ಹುಟ್ಟಿಸುತ್ತವೆ. ಬಿತ್ತನೆ, ಒಕ್ಕಣೆಯ ನಿರ್ಧಾರವನ್ನು ಅದರ ಮೇಲೆ ಯಾರೂ ಮಾಡಬಾರದು. ಮುನ್ಸೂಚನೆ ಬೇಕಾದರೆ ಹವಾಮಾನ ಇಲಾಖೆಯ ಮೌಸಂ ಆ್ಯಪ್ ಇದೆ, ರೈತರಿಗೆಂದು 2019ರಲ್ಲಿ ಬಂದ ಮೇಘದೂತ್ ಇದೆ.

6. ವೈಫೈ ಥರ್ಮಾಮೀಟರ್ ಹಳ್ಳಿಗೆ ಬೇಡ

ಮೊಬೈಲಿನಲ್ಲಿ ಅಂಕಿ ನೋಡಬಹುದೆಂಬ ಆಸೆಗೆ ವೈಫೈ ಥರ್ಮಾಮೀಟರ್ ಕೊಳ್ಳುವವರಿದ್ದಾರೆ. ಕರೆಂಟ್ ಹೋದರೆ ರೂಟರ್ ನಿಲ್ಲುತ್ತದೆ, ಅದರೊಡನೆ ಇದೂ ನಿಲ್ಲುತ್ತದೆ. ಫ್ಯಾನೂ ಕೂಲರೂ ನಿಂತ ಆ ಹೊತ್ತಿನಲ್ಲೇ ಅಂಕಿ ಬೇಕಾಗುವುದು. ಸೆಲ್ ಮೇಲೆ ನಡೆದು, ಸೆನ್ಸರಿನಿಂದ ನೇರ ಪರದೆಗೆ ಸುದ್ದಿ ಮುಟ್ಟಿಸುವಂಥದ್ದೇ ದೇವದುರ್ಗ, ಮಾನ್ವಿಯ ಹಳ್ಳಿಮನೆಗಳಿಗೆ ಸರಿ.

7. ಮೊದಲ ರಾತ್ರಿ ಎರಡನ್ನೂ ಜೋಡಿಯಾಗಿ ಇಡಿ

ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಒಳಗಿನ ಸೆನ್ಸರ್ ಒಂದು ಡಿಗ್ರಿ ಹೆಚ್ಚು, ಹೊರಗಿನದು ಒಂದು ಡಿಗ್ರಿ ಕಡಿಮೆ ತೋರಿಸುತ್ತಿದ್ದರೆ ಅಂತರದಲ್ಲಿ ಎರಡು ಡಿಗ್ರಿ ಸುಳ್ಳು ಸೇರುತ್ತದೆ. ತಂದ ದಿನ ರಾತ್ರಿ ಎರಡನ್ನೂ ಒಂದೇ ಮೇಜಿನ ಮೇಲೆ, ಫ್ಯಾನಿನ ಗಾಳಿಯಲ್ಲಿ ಪಕ್ಕಪಕ್ಕ ಇಡಿ. ಬೆಳಿಗ್ಗೆ ಎದ್ದು ಎರಡು ಅಂಕಿಗಳ ವ್ಯತ್ಯಾಸವನ್ನು ಒಂದು ಚೀಟಿಯ ಮೇಲೆ ಬರೆದು ಪೆಟ್ಟಿಗೆಯ ಬೆನ್ನಿಗೆ ಅಂಟಿಸಿ: "ಹೊರಗಿನದು 0.6 ಕಡಿಮೆ ತೋರಿಸುತ್ತದೆ." ಮುಂದೆ ಓದುವಾಗಲೆಲ್ಲ ಅಷ್ಟನ್ನು ಸೇರಿಸಿಕೊಳ್ಳಿ. ವ್ಯತ್ಯಾಸ ಎರಡು ಡಿಗ್ರಿ ದಾಟಿದರೆ ಅಂಗಡಿಗೆ ಮರಳಿಸಿ.

ತಂತಿಯ ಸೆನ್ಸರನ್ನು ಇನ್ನೂ ಗಟ್ಟಿಯಾಗಿ ಪರೀಕ್ಷಿಸಬಹುದು. ಲೋಟದ ತುಂಬ ಪುಡಿಮಾಡಿದ ಬರ್ಫ, ಅದು ಮುಳುಗುವಷ್ಟೇ ನೀರು, ಚೆನ್ನಾಗಿ ಕಲಕಿ ತಂತಿಯ ತುದಿ ಇಳಿಬಿಡಿ. 0 ತೋರಿಸಬೇಕು. ಡಬ್ಬಿಯಂಥ ಸೆನ್ಸರನ್ನು ಮಾತ್ರ ನೀರಿಗೆ ಹಾಕಬೇಡಿ.

ತೇವಾಂಶದ ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ಮುದ್ದೆಯಾಗುವಷ್ಟು ಕೆಲವೇ ಹನಿ ನೀರು ಬಿಡಿ. ಗಾಳಿಯಾಡದ ಡಬ್ಬಿಯಲ್ಲಿ ಅದನ್ನೂ ಸೆನ್ಸರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು ಹತ್ತು ತಾಸು ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ನಿಮ್ಮದು 68 ಎಂದರೆ ಏಳು ಕಡಿಮೆ ತೋರಿಸುತ್ತಿದೆ ಎಂದರ್ಥ.

8. ಹೊರಗಿನ ಸೆನ್ಸರಿಗೆ ಜಾಗ ಹುಡುಕಲು ಒಂದು ದಿನ ಕೊಡಿ

ಹೆಚ್ಚಿನವರು ಸೋಲುವುದು ಇಲ್ಲೇ. ಪೆಟ್ಟಿಗೆಯ ಜೊತೆ ಬರುವ ಚೀಟಿಯಲ್ಲಿ "ಉತ್ತರ ದಿಕ್ಕಿನ ಗೋಡೆಗೆ ಹಾಕಿ" ಎಂದಿರುತ್ತದೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಮೇಲಿರುವ ದೇಶಗಳಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ, ಅವರಿಗೆ ಆ ಮಾತು ಸರಿ. ರಾಯಚೂರು ಇರುವುದು 16 ಡಿಗ್ರಿ ಅಕ್ಷಾಂಶದ ಸ್ವಲ್ಪ ಮೇಲೆ. ಮೇ ಮೊದಲ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಅಲ್ಲಿಂದ ಆಗಸ್ಟ್ ಎರಡನೇ ವಾರದ ಹತ್ತಿರದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆಗೇ ಇರುತ್ತಾನೆ. ಜೂನ್ 21ರ ಹೊತ್ತಿಗೆ ನೆತ್ತಿಯಿಂದ ಏಳು ಡಿಗ್ರಿ ಉತ್ತರಕ್ಕೆ ವಾಲುತ್ತಾನೆ. ಮಾರ್ಚ್ ಕೊನೆಯಿಂದಲೇ ಅವನು ಈಶಾನ್ಯದ ಕಡೆ ಹುಟ್ಟಿ ವಾಯವ್ಯದ ಕಡೆ ಮುಳುಗುವುದರಿಂದ, ಬೆಳಿಗ್ಗೆ ಸಂಜೆ ಓರೆ ಬಿಸಿಲು ಉತ್ತರದ ಗೋಡೆಗೇ ಬೀಳುತ್ತದೆ. ಬರೀ ಉತ್ತರದ ಗೋಡೆ ನಂಬಿದರೆ, ಥರ್ಮಾಮೀಟರ್ ಅತಿ ಹೆಚ್ಚು ಬೇಕಾದ ಮೇ ತಿಂಗಳಲ್ಲೇ ಅದು ಸುಳ್ಳು ಹೇಳುತ್ತದೆ.

ಆದ್ದರಿಂದ ಉತ್ತರದ ಗೋಡೆ ಸಾಲದು, ಮೇಲೆ ಸಜ್ಜಾ ಇರಬೇಕು, ಓರೆ ಬಿಸಿಲಿಗೆ ಅಡ್ಡ ಬೇಕು. ಒಂದು ರಜೆಯ ದಿನ ಬೆಳಿಗ್ಗೆ ಏಳಕ್ಕೆ, ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ, ಸಂಜೆ ಆರಕ್ಕೆ ಮನೆಯ ಸುತ್ತ ಒಂದು ಸುತ್ತು ಹಾಕಿ. ಐದೂ ಸಲ ನೆರಳಿದ್ದ ಜಾಗಕ್ಕೆ ಸುಣ್ಣದಿಂದ ಗುರುತು ಮಾಡಿ. ನೆಲದಿಂದ ಐದಡಿ ಎತ್ತರ ಇರಲಿ. ಹವಾಮಾನ ಇಲಾಖೆಯೂ ತನ್ನ ಥರ್ಮಾಮೀಟರುಗಳನ್ನು ಹೆಚ್ಚುಕಡಿಮೆ ಆ ಎತ್ತರದಲ್ಲೇ, ಜಾಲರಿ ಕಿಂಡಿಗಳ ಬಿಳಿ ಮರದ ಪೆಟ್ಟಿಗೆಯಲ್ಲಿ ಇಡುತ್ತದೆ. ಆ ಪೆಟ್ಟಿಗೆಯನ್ನು ರೂಪಿಸಿದವನು ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಗಾಳಿ ಆಡಬೇಕು, ಬಿಸಿಲು ತಾಗಬಾರದು: ಅದರ ಗುಟ್ಟು ಇಷ್ಟೇ.

ಅದನ್ನು ಮನೆಯಲ್ಲೂ ಮಾಡಬಹುದು. ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಆರೇಳು ತನ್ನಿ. ಮೇಲಿನದೊಂದನ್ನು ಬಿಟ್ಟು ಉಳಿದವುಗಳ ನಡುವೆ ಸೆನ್ಸರ್ ಹಿಡಿಯುವಷ್ಟು ಕತ್ತರಿಸಿ. ಬೋರಲು ಹಾಕಿ, ಉದ್ದನೆಯ ಬೋಲ್ಟು ನಟ್ಟಿನಿಂದ ಒಂದರ ಕೆಳಗೊಂದು ಬೆರಳು ತೂರುವಷ್ಟು ಸಂದು ಬಿಟ್ಟು ಜೋಡಿಸಿ, ಒಳಗೆ ಸೆನ್ಸರ್ ತೂಗುಹಾಕಿ. ಮಳೆಗೂ ರಕ್ಷಣೆ, ಬಿಸಿಲಿಗೂ ರಕ್ಷಣೆ.

ಎಲ್ಲಿ ಇಡಬಾರದು ಎಂಬುದೂ ಮುಖ್ಯ. ಪತ್ರಾಸಿನ ಕೆಳಗೆ ಬೇಡ. ಎಸಿಯ ಹೊರಗಿನ ಪೆಟ್ಟಿಗೆ, ಕೂಲರಿನ ಹಿಂಭಾಗ, ಅಡುಗೆಮನೆಯ ಹೊಗೆಕಿಂಡಿ, ನೀರು ಕಾಯಿಸುವ ಒಲೆ, ಸಿಮೆಂಟಿನ ಅಂಗಳ ಇವುಗಳ ಹತ್ತಿರ ಬೇಡ. ರಾಯಚೂರಿನ ಕೋಟೆಗುಡ್ಡದ ಬುಡದ ಓಣಿಗಳಲ್ಲಿ ಮನೆಯ ಬೆನ್ನಿಗೇ ಬಂಡೆ ಇರುತ್ತದೆ. ಬಂಡೆ ಹಗಲಿಡೀ ಕುಡಿದ ಕಾವನ್ನು ರಾತ್ರಿ ಬಿಡುತ್ತದೆ, ಅದರಿಂದಲೂ ದೂರ ಇರಲಿ. ಮಂಗಗಳ ಕಾಟವಿರುವ ಊರಾದರೆ ತಂತಿಯಿಂದ ಬಿಗಿದು ಕಟ್ಟಿ.

9. ಒಳಗಿನದನ್ನು ಮನೆಯ ಹಿರಿಯರು ಮಲಗುವ ಕೋಣೆಯಲ್ಲಿಡಿ

ಪಡಸಾಲೆಯಲ್ಲಿ ಟಿವಿಯ ಪಕ್ಕ ಶೋಭೆಗಿಟ್ಟರೆ ಟಿವಿಯ ಕಾವು ಓದುತ್ತದೆ. ಸೆಕೆಯಿಂದ ಮೊದಲು ಬಳಲುವವರು ಅಜ್ಜ, ಅಜ್ಜಿ, ಬಾಣಂತಿ, ಕೂಸು. ಅವರ ಕೋಣೆಯಲ್ಲಿ, ಹೊರಸಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಳಗೋಡೆಗೆ ಇರಲಿ. ಪಶ್ಚಿಮದ ಗೋಡೆಗೆ ಬೇಡ. ಬಿಸಿಗಾಳಿ ಮೇಲೇರುವುದರಿಂದ ಮಾಡಿನ ಹತ್ತಿರ ಒಂದು, ಮಂಚದ ಹತ್ತಿರ ಇನ್ನೊಂದು ಅಂಕಿ ಇರುತ್ತದೆ. ನಮಗೆ ಬೇಕಾದದ್ದು ಮಂಚದ ಹತ್ತಿರದ್ದು.

10. "100 ಮೀಟರ್" ಎಂಬುದು ಬಯಲಿನ ಲೆಕ್ಕ

ಡಬ್ಬಿಯ ಮೇಲಿನ ದೂರ ಅಡ್ಡಿಯಿಲ್ಲದ ಮೈದಾನದ್ದು. ಹಳೆಯ ಮಾಳಿಗೆ ಮನೆಗಳ ಎರಡಡಿ ದಪ್ಪದ ಕಲ್ಲು ಮಣ್ಣಿನ ಗೋಡೆ ದಾಟುವಷ್ಟರಲ್ಲಿ ಅಲೆ ಸೋತಿರುತ್ತದೆ. ಪತ್ರಾಸ್, ಕಬ್ಬಿಣದ ಅಲಮಾರಿ, ಫ್ರಿಜ್ ಅದನ್ನು ತಡೆದೇಬಿಡುತ್ತವೆ. ಸೆನ್ಸರಿಗೂ ಪರದೆಗೂ ನಡುವೆ ಮರದ ಬಾಗಿಲೋ ಕಿಟಕಿಯೋ ಬರುವಂತೆ ನೋಡಿಕೊಳ್ಳಿ. ಅಂಕಿಯ ಜಾಗದಲ್ಲಿ ಎರಡು ಗೆರೆ ಬಂದರೆ ಕೆಟ್ಟಿದೆ ಎಂದುಕೊಳ್ಳದೆ ಪರದೆಯನ್ನು ಒಂದೆರಡು ಅಡಿ ಸರಿಸಿ ನೋಡಿ.

11. ಕಿಟಕಿಯ ಕೀಲಿ ಅಂಕಿಯ ಕೈಯಲ್ಲಿರಲಿ

ಎಲ್ಲ ಸೂತ್ರಗಳ ತಿರುಳು ಇದು. ಹೊರಗಿನ ಅಂಕಿ ಒಳಗಿನದನ್ನು ದಾಟಿದ ಕೂಡಲೇ ಕಿಟಕಿ ಮುಚ್ಚಿ, ಪರದೆ ಎಳೆಯಿರಿ. ಹೊರಗಿನದು ಒಳಗಿನದಕ್ಕಿಂತ ಕೆಳಗಿಳಿದ ಕೂಡಲೇ ಎದುರುಬದುರಿನ ಎರಡು ಕಿಟಕಿ ತೆರೆಯಿರಿ.

ಇದಕ್ಕೆ ಗಡಿಯಾರ ನಂಬಿದರೆ ಮೋಸ. ಆರ್‌ಸಿಸಿ ಸ್ಲ್ಯಾಬು ಬಿಸಿಲನ್ನು ಕುಡಿದು, ನಾಲ್ಕೈದು ತಾಸು ತಡವಾಗಿ ಕೆಳಗೆ ಸುರಿಯುತ್ತದೆ. ಹೊರಗೆ ಸೂರ್ಯ ಮುಳುಗುವ ಹೊತ್ತಿಗೆ ಒಳಗೆ ಮಾಡು ಕಾಯಲು ಶುರುವಾಗುತ್ತದೆ. ಊರೆಲ್ಲ ತಣ್ಣಗಾಗುವಾಗ ನಮ್ಮ ಕೋಣೆ ಮಾತ್ರ ಬಿಸಿಯಾಗುವುದು ಅದಕ್ಕೇ. ದಪ್ಪ ಗೋಡೆ, ಮೇಲೆ ಮಣ್ಣು ಹೊದ್ದ ಮಾಳಿಗೆ ಮನೆ ಇನ್ನೂ ನಿಧಾನ. ಅಲ್ಲಿ ಮಧ್ಯಾಹ್ನ ಮೂರಕ್ಕೂ ತಂಪಿರುತ್ತದೆ, ಬೆಳಕಿಂಡಿ ತೆರೆದರೆ ರಾತ್ರಿಯ ಕಾವು ಮೇಲಕ್ಕೆ ಹೋಗುತ್ತದೆ. ಪತ್ರಾಸಿನ ಮನೆ ಇದಕ್ಕೆ ತೀರ ವಿರುದ್ಧ: ಬಿಸಿಲೇರಿದ ಗಳಿಗೆಯಲ್ಲೇ ಕಾಯುತ್ತದೆ, ಇಳಿದ ಗಳಿಗೆಯಲ್ಲೇ ಆರುತ್ತದೆ. ಮೂರು ಬಗೆಯ ಮನೆಗೆ ಮೂರು ವೇಳಾಪಟ್ಟಿ. ನಿಮ್ಮ ಮನೆಯದು ಯಾವುದೆಂದು ನಿಮ್ಮ ಥರ್ಮಾಮೀಟರ್ ಒಂದು ವಾರದಲ್ಲಿ ಹೇಳಿಕೊಡುತ್ತದೆ.

ಬೇಸಿಗೆಯಲ್ಲಿ ಹಿರಿಯರು ಹಾಸಿಗೆ ಹೊತ್ತು ಮಾಳಿಗೆ ಏರುತ್ತಿದ್ದದ್ದು ಇದೇ ಅಂತರವನ್ನು ಮೈಯಿಂದಲೇ ಅಳೆದು. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುವುದೂ ಅದೇ ತಿಳಿವಳಿಕೆಯಿಂದ.

12. ಕೂಲರಿಗೆ ನೀರು ಹಾಕುವ ಮುನ್ನ ತೇವಾಂಶ ನೋಡಿ

ಕೂಲರ್ ಗಾಳಿಯನ್ನು ತಣ್ಣಗಾಗಿಸುವುದು ನೀರನ್ನು ಆವಿ ಮಾಡಿ. ಗಾಳಿ ಒಣಗಿದ್ದಷ್ಟು ತಂಪು ಹೆಚ್ಚು. 42 ಡಿಗ್ರಿ, ತೇವಾಂಶ ಶೇ 20 ಇರುವ ಏಪ್ರಿಲ್ ಮಧ್ಯಾಹ್ನ ಒಳ್ಳೆಯ ಪ್ಯಾಡಿನ ಕೂಲರಿನಿಂದ ಹೊರಬರುವ ಗಾಳಿ ಲೆಕ್ಕದ ಪ್ರಕಾರ 30ರ ಹತ್ತಿರ ಇರುತ್ತದೆ, ಅಂದರೆ ಹನ್ನೆರಡು ಡಿಗ್ರಿ ಇಳಿತ. ಅದೇ ಕೂಲರಿಗೆ 34 ಡಿಗ್ರಿ, ಶೇ 65 ತೇವಾಂಶದ ಮಳೆಗಾಲದ ಗಾಳಿ ಕೊಟ್ಟರೆ ಇಳಿಯುವುದು ನಾಲ್ಕೇ ಡಿಗ್ರಿ. ಜೊತೆಗೆ ಕೋಣೆ ಒದ್ದೆಯಾಗಿ ಬೆವರು ಆರುವುದಿಲ್ಲ. "ಕೂಲರ್ ಕೆಟ್ಟೈತ್ರೀ" ಎಂದು ಜೂನ್ ತಿಂಗಳಲ್ಲಿ ರಿಪೇರಿಗೆ ಒಯ್ಯುವ ಅನೇಕ ಕೂಲರುಗಳಿಗೆ ಯಾವ ರೋಗವೂ ಇರುವುದಿಲ್ಲ.

ಎದುರಿನ ಕಿಟಕಿ ತೆರೆದಿಟ್ಟೇ ಕೂಲರ್ ಹಾಕಿ. ಒಳಗಿನ ತೇವಾಂಶ 65 ದಾಟಿದರೆ ಪಂಪು ನಿಲ್ಲಿಸಿ, ಫ್ಯಾನಷ್ಟೇ ತಿರುಗಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಮಾನ್ವಿಯ ಭತ್ತದ ಗದ್ದೆಗಳ ಮಗ್ಗುಲಿನ ಮನೆಗೂ, ದೇವದುರ್ಗದ ಒಣಹೊಲಗಳ ನಡುವಿನ ಮನೆಗೂ ಈ ಅಂಕಿ ಒಂದೇ ಆಗಿರುವುದಿಲ್ಲ. ತಾಲ್ಲೂಕಿನಿಂದ ತಾಲ್ಲೂಕಿಗೆ ಕೂಲರಿನ ಕೀರ್ತಿ ಬದಲಾಗುವುದಕ್ಕೆ ಇದೂ ಕಾರಣ.

13. ಒಳಗೆ 40 ದಾಟಿದರೆ ಫ್ಯಾನನ್ನು ನಂಬಬೇಡಿ

ಮೈಗಿಂತ ಬಿಸಿಯಾದ ಗಾಳಿಯನ್ನು ಫ್ಯಾನ್ ಮೈಮೇಲೆ ಬೀಸಿದರೆ ಮೈ ಇನ್ನಷ್ಟು ಕಾಯುತ್ತದೆ. 40 ಡಿಗ್ರಿಗಿಂತ ಕಡಿಮೆ ಇದ್ದಾಗ ಮಾತ್ರ ಫ್ಯಾನ್ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಳಗಿನ ಅಂಕಿ 40 ಮುಟ್ಟಿದಾಗ ಒದ್ದೆ ಬಟ್ಟೆಯಿಂದ ಮೈ ಒರೆಸಿ, ನೀರು ಮಜ್ಜಿಗೆ ಕುಡಿಸಿ, ಹಿರಿಯರನ್ನು ಮನೆಯ ತಂಪಾದ ಕೋಣೆಗೆ ಕರೆದೊಯ್ಯಿರಿ. ಮೈ ಕೆಂಡದಂತೆ ಕಾದು ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮೈಮೇಲೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿ. ಆಗ ಥರ್ಮಾಮೀಟರ್ ನೋಡುತ್ತ ನಿಲ್ಲಬೇಡಿ.

14. ಮಾಳಿಗೆಗೆ ಸುಣ್ಣ ಬಳಿದು ಅಳೆದು ನೋಡಿ

ಬಿಳಿ ಮಾಡು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಪಕ್ಕದ ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿದೆ. ನಮ್ಮ ಮನೆಗೆ ಎಷ್ಟು ಉಪಯೋಗವಾಯಿತೆಂದು ತಿಳಿಯುವ ಬಗೆ ಹೀಗೆ: ಸುಣ್ಣಕ್ಕೆ ಮೊದಲು ಒಂದು ವಾರ, ನಂತರ ಒಂದು ವಾರ, ರಾತ್ರಿ ಒಂಬತ್ತಕ್ಕೆ ಎರಡೂ ಅಂಕಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಬರೀ ಒಳಗಿನ ಅಂಕಿ ಹೋಲಿಸಿದರೆ ತಪ್ಪಾಗುತ್ತದೆ, ಎರಡನೇ ವಾರ ಮೋಡ ಬಂದಿದ್ದರೆ ಅದರ ಕೀರ್ತಿ ಸುಣ್ಣಕ್ಕೆ ಹೋದೀತು. ಒಳಗಿನದರಲ್ಲಿ ಹೊರಗಿನದನ್ನು ಕಳೆದು, ಆ ಅಂತರವನ್ನು ಹೋಲಿಸಿ. ನಮ್ಮ ಮನೆಯಲ್ಲಿ ಅಂತರ ಎರಡು ಡಿಗ್ರಿ ಕಡಿಮೆಯಾಯಿತು. ಎಸಿ ಕೊಳ್ಳುವ ಮಾತು ಆ ವರ್ಷ ನಿಂತಿತು.

15. ಮೂರನೇ ಸೆನ್ಸರ್ ಔಷಧಿಗೆ

ಒಂದೇ ಪರದೆಗೆ ಮೂರು ಸೆನ್ಸರ್ ಜೋಡಿಸಬಹುದಾದ ಥರ್ಮಾಮೀಟರ್ ಸಿಕ್ಕರೆ, ಸಕ್ಕರೆ ಕಾಯಿಲೆಯವರಿರುವ ಮನೆಯವರು ಅದನ್ನೇ ಕೊಳ್ಳಿ. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಬಳಸಲು ತೆರೆದದ್ದನ್ನು ಹೊರಗಿಟ್ಟರೆ 25ರಿಂದ 30 ಡಿಗ್ರಿಯೊಳಗೆ ಎಂದು ಚೀಟಿಯಲ್ಲಿರುತ್ತದೆ. ನಮ್ಮ ಬೇಸಿಗೆಯ ಕೋಣೆಗಳು ರಾತ್ರಿಯೂ 30ಕ್ಕೆ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ಇನ್ಸುಲಿನ್ ಇಡುವ ಜಾಗದಲ್ಲೇ ಸೆನ್ಸರ್ ಇಟ್ಟು, ಕರೆಂಟ್ ಹೋದ ಮೇಲೆ ಎಷ್ಟು ತಾಸು 8ರ ಒಳಗಿರುತ್ತದೆಂದು ಒಮ್ಮೆ ತಿಳಿದುಕೊಳ್ಳಿ. ಹೈನು ಇರುವವರು ಎಮ್ಮೆಯ ಕೊಟ್ಟಿಗೆಯಲ್ಲಿಡಬಹುದು: ಕಪ್ಪು ಮೈ, ಬೆವರು ಗ್ರಂಥಿ ಕಡಿಮೆ, ಮನುಷ್ಯರಿಗಿಂತ ಮೊದಲು ಅದು ಏದುಸಿರು ಬಿಡುತ್ತದೆ.

16. ಥರ್ಮಾಮೀಟರ್ ನೆನಪಿಟ್ಟ ಗರಿಷ್ಠ, ಕನಿಷ್ಠವನ್ನು ಬೆಳಿಗ್ಗೆ 8:30ಕ್ಕೆ ಬರೆದುಕೊಂಡು ಅಳಿಸಿ

ಹವಾಮಾನ ಇಲಾಖೆ ದಿನದ ಲೆಕ್ಕ ಮುಗಿಸುವುದು ಅದೇ ಹೊತ್ತಿಗೆ. ಗರಿಷ್ಠಕ್ಕಿಂತ ಕನಿಷ್ಠದ ಮೇಲೆ ಕಣ್ಣಿಡಿ. ರಾತ್ರಿ ಕೋಣೆ ಎಷ್ಟಕ್ಕೆ ಇಳಿಯಿತು ಎಂಬುದರ ಮೇಲೆ ಮೈಗೆ ಸುಧಾರಿಸಿಕೊಳ್ಳಲು ಬಿಡುವು ಸಿಕ್ಕಿತೋ ಇಲ್ಲವೋ ತಿಳಿಯುತ್ತದೆ. ಮೂರು ರಾತ್ರಿ ಒಂದೇ ಸಮ ಇಳಿಯದಿದ್ದರೆ ಹಿರಿಯರ ಹಾಸಿಗೆ ಬೇರೆಡೆಗೆ ಹೋಗಲಿ.

17. ಟಿವಿಯ ಅಂಕಿಯೊಡನೆ ಜಗಳ ಬೇಡ

ಇಲಾಖೆಯದು ಬಯಲಿನ, ಹುಲ್ಲುನೆಲದ ಮೇಲಿನ ಪೆಟ್ಟಿಗೆಯ ಅಂಕಿ. ನಿಮ್ಮದು ನಿಮ್ಮ ಓಣಿಯದು. ಎರಡು ಡಿಗ್ರಿ ವ್ಯತ್ಯಾಸ ಬಂದರೆ ಇಬ್ಬರೂ ಸುಳ್ಳರಲ್ಲ. ಬಿಸಿಲಿನಲ್ಲಿಟ್ಟ ಸೆನ್ಸರಿನ 52ನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಮಾತ್ರ ತಪ್ಪು, ಅದು ಗಾಳಿಯದಲ್ಲ, ಪ್ಲಾಸ್ಟಿಕ್ಕಿನ ಕಾವು.

ಇನ್ನೊಂದು ಮಾತು. ಬಯಲುಸೀಮೆಯಲ್ಲಿ ಬಿಸಿಗಾಳಿ ಎಂದು ಇಲಾಖೆ ಕರೆಯಬೇಕಾದರೆ ಗರಿಷ್ಠ ತಾಪಮಾನ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ 45 ಮುಟ್ಟಬೇಕು. ಮೇ ತಿಂಗಳಲ್ಲಿ ರಾಯಚೂರಿನ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43 ಇದ್ದ ದಿನವೂ ಇಲ್ಲಿ ಬಿಸಿಗಾಳಿಯ ಘೋಷಣೆ ಇಲ್ಲದಿರಬಹುದು. ಘೋಷಣೆ ಇಲ್ಲವೆಂದು ಅಜ್ಜನನ್ನು ಮಧ್ಯಾಹ್ನ ಸಂತೆಗೆ ಕಳಿಸಬೇಡಿ.

18. ವರ್ಷಕ್ಕೆರಡು ಸಲ ಸೆಲ್, ಒಂದು ಸಲ ದೂಳು

ಯುಗಾದಿಗೊಮ್ಮೆ, ದಸರೆಗೊಮ್ಮೆ ಸೆಲ್ ಬದಲಿಸಿ. ಸತ್ತ ಸೆಲ್ ಬಿಸಿಲ ಕಾವಿಗೆ ಸೋರಿ ಒಳಗಿನ ತಾಮ್ರವನ್ನು ತಿನ್ನುತ್ತದೆ. ಎರೆಮಣ್ಣಿನ ದೂಳು ಸೆನ್ಸರಿನ ಕಿಂಡಿ ಮುಚ್ಚುತ್ತದೆ, ಇರುವೆ ಗೂಡು ಕಟ್ಟುತ್ತದೆ. ಒಣ ಬ್ರಷ್ಷಿನಿಂದ ತಟ್ಟಿ ತೆಗೆಯಿರಿ, ನೀರು ಬೇಡ. ಸೆಲ್ ಹಾಕುವಾಗ ಮೊದಲು ಹೊರಗಿನದಕ್ಕೆ, ಆಮೇಲೆ ಒಳಗಿನದಕ್ಕೆ ಹಾಕಿದರೆ ಹೆಚ್ಚಿನ ಥರ್ಮಾಮೀಟರುಗಳು ಒಂದನ್ನೊಂದು ಬೇಗ ಗುರುತಿಸುತ್ತವೆ.

19. ಒಂದು ಮಧ್ಯಾಹ್ನ ಅದನ್ನು ಪಕ್ಕದ ಮನೆಗೆ ಒಯ್ಯಿರಿ

ನಿಮ್ಮ ಓಣಿಯಲ್ಲಿ ಪತ್ರಾಸಿನ ಮನೆಯೊಂದು ಇದ್ದೇ ಇರುತ್ತದೆ. ಮಕ್ಕಳು ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗಿ, ಅಲ್ಲಿ ಅಜ್ಜಿಯೊಬ್ಬರೇ ಇರುತ್ತಾರೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಒಳಗಿನ ಪೆಟ್ಟಿಗೆಯನ್ನು ಅವರ ಮನೆಗೆ ಒಯ್ದು ಅರ್ಧ ತಾಸು ಇಡಿ. 40 ದಾಟಿದ್ದರೆ, ದಯವಿಟ್ಟು, ಜೂನ್ ಮಳೆ ಬೀಳುವವರೆಗೆ ದಿನಾ ಹನ್ನೆರಡರಿಂದ ಐದರ ತನಕ ಅವರನ್ನು ನಿಮ್ಮ ಪಡಸಾಲೆಗೆ ಕರೆಯಿರಿ.